ಮೀನು ಬಿಡಿಸುವ ಕೈ

ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ನಮ್ಮ ತಂಡಕ್ಕೆ ಆ ಬೆಳಿಗ್ಗೆ ಒಬ್ಬರು ಕಡಿಮೆ ಬಿದ್ದರು. ನಾನು ಅಣ್ಣನನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಮಳೆಗಾಲ ಮುಗಿದು, ವಲಸೆ ಹಕ್ಕಿಗಳು ಕೂಳೂರು ಸೇತುವೆಯ ಆಚೆಗಿನ ಕೆಸರಿಗೆ ಇಳಿಯತೊಡಗಿದ್ದವು. ಉಂಗುರ ಇದ್ದರೆ, ಮುಂದೆ ಎಲ್ಲಾದರೂ ಸಿಕ್ಕಾಗ ಇದು ಅದೇ ಹಕ್ಕಿ ಎಂದು ಗುರುತು ಹಿಡಿಯಬಹುದು.

ಅಣ್ಣ ಬೋಟಿನಲ್ಲಿ ಮೀನಿಗೆ ಹೋಗುವವನು. ಹಕ್ಕಿ ಹಿಡಿಯುವ ಬಲೆಗೆ ಕೆಸರಿನಲ್ಲಿ ಕಂಬ ನೆಡುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಇದೆಂತ ಬಲೆ ಮಾರಾಯ್ತಿ, ಜೇಡನದ್ದಾ?" ಎಂದು ತಮಾಷೆ ಮಾಡುತ್ತಲೇ ಕಟ್ಟಿ ಮುಗಿಸಿದ. ಹಕ್ಕಿ ಬಿದ್ದರೆ ಮುಟ್ಟಬೇಡ, ನನ್ನನ್ನು ಕರೆ ಎಂದಿದ್ದೆ. ಹೇಳಿದ್ದನ್ನು ಕೇಳಿದರೆ ಅವನು ನನ್ನ ಅಣ್ಣನೇ ಅಲ್ಲ.

ಕಡಲ ಉಬ್ಬರಕ್ಕೆ ನದಿಯ ನೀರು ಏರುತ್ತಿತ್ತು. ಬಲೆಯ ಆ ತುದಿಗೆ ಮರಳು ಗೊರವವೊಂದು ಬಂದು ಬಿತ್ತು. ಅಂಗೈಯಷ್ಟು ಹಕ್ಕಿ, ಹಿಮಾಲಯದ ಆಚೆಯಿಂದ ಬಂದದ್ದು. ನಾನು ಕೆಸರಿನಿಂದ ಕಾಲು ಕಿತ್ತುಕೊಂಡು ಹೋಗುವಷ್ಟರಲ್ಲಿ ಅಣ್ಣನ ಕೈ ಅದರ ಮೇಲಿತ್ತು. ನೀರು ಬಲೆಗೆ ತಾಗಿ ಹಕ್ಕಿ ಮುಳುಗೀತು ಎಂದು ಅವನಿಗೆ ಗಾಬರಿ. ಬಂಗುಡೆ ಬಿಡಿಸುವ ಹಾಗೆ ತಲೆ ಮುಂದಾಗಿ ಎಳೆದುಬಿಟ್ಟ. ಮೀನಿಗೆ ಅದೇ ಸರಿ, ಅದು ಮುಂದಕ್ಕೇ ಜಾರುತ್ತದೆ. ಹಕ್ಕಿಗೆ ರೆಕ್ಕೆ ಇದೆಯಲ್ಲ, ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ, ಮೊದಲು ಕಾಲು ಬಿಡಿಸಿ ತೆಗೆಯಬೇಕು.

"ಕೈ ತೆಗಿ!" ಎಂದು ಕಿರುಚಿದೆ. ತಂಡದವರೆಲ್ಲ ತಿರುಗಿ ನೋಡಿದರು. ನಮ್ಮ ಮನೆಯಲ್ಲಿ ಅಣ್ಣನ ಮೇಲೆ ಯಾರೂ ಹಾಗೆ ಕಿರುಚಿದವರಿಲ್ಲ.

ದಾರ ರೆಕ್ಕೆಯ ಬುಡಕ್ಕೆ ಹೊಕ್ಕು, ಕುತ್ತಿಗೆಗೂ ಸುತ್ತಿತ್ತು. ಬಿಡಿಸಲು ಹೋದಷ್ಟೂ ಬಿಗಿಯಾಯಿತು. ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಟ್ಟಿತು, ಆಮೇಲೆ ಕಣ್ಣು ಮುಚ್ಚತೊಡಗಿತು. ಇದು ನನ್ನ ಕೈಯಲ್ಲೇ ಸಾಯುತ್ತದೆ ಅನ್ನಿಸಿ ಭಯವಾಯಿತು. ಚೀಲದಿಂದ ಕತ್ತರಿ ತೆಗೆದೆ.

"ಬಲೆ ಕತ್ತರಿಸ್ತೀಯಾ?" ಎಂದ ಅಣ್ಣ. ಒಂದು ಮೀನಿಗೋಸ್ಕರ ಬಲೆಗೆ ಕತ್ತರಿ ಹಾಕುವವರು ನಮ್ಮವರಲ್ಲಿಲ್ಲ.

"ನೀನು ಹಿಡ್ಕೋ. ಗಟ್ಟಿ ಬೇಡ, ಸುಮ್ನೆ ಹಿಡ್ಕೋ."

ಬೆರಳು ಎಲ್ಲಿಡುವುದೆಂದು ತಿಳಿಯದೆ ಅವನು ಎರಡೂ ಕೈ ಬೊಗಸೆ ಮಾಡಿದ. ಮೊದಲು ಕುತ್ತಿಗೆಯ ಎಳೆ ಕತ್ತರಿಸಿದೆ, ಆಮೇಲೆ ರೆಕ್ಕೆಯದ್ದು. ಹಕ್ಕಿ ಬೊಗಸೆಗೆ ಬಿತ್ತು.

ದಂಡೆಯಲ್ಲಿ, ಗಾಬರಿ ಇಳಿಯಲಿ ಎಂದು ಬಟ್ಟೆಯ ಚೀಲದ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಒಣ ಮರಳಿನ ಮೇಲೆ ಬಿಟ್ಟೆವು. ನಿಂತಿತು. ಒಂದು ರೆಕ್ಕೆ ಜೋತಿತ್ತು. ನಾಲ್ಕು ಹೆಜ್ಜೆ ಓಡಿ, ನೀರಿಗೆ ತಾಗುವಷ್ಟು ಕೆಳಗೆ, ವಾಲುತ್ತ ವಾಲುತ್ತ ಹಾರಿ ಅಳಿವೆಯ ಕಡೆಗೆ ಹೋಯಿತು. ಎಷ್ಟು ದೂರ ಹೋಯಿತೋ ಕಾಣಲಿಲ್ಲ.

"ಉಂಗುರ ಹಾಕ್ಲಿಲ್ವಾ?" ಎಂದು ಅಣ್ಣ ಕೇಳಿದ.

"ಪೆಟ್ಟಾದ ಹಕ್ಕಿಗೆ ಹಾಕುದಿಲ್ಲ."

"ಮತ್ತೆ ಅದು ಬದುಕಿತಾ ಅಂತ ನಮಗೆ ಗೊತ್ತಾಗುದು ಹೇಗೆ?"

"ಗೊತ್ತಾಗುದಿಲ್ಲ," ಎಂದೆ.

ಆ ದಿನ ಅಣ್ಣ ಮತ್ತೆ ಬಲೆಯ ಹತ್ತಿರ ಬರಲಿಲ್ಲ.