ಅವ್ವನ ಕರಿ ಪೆಟ್ಟಿಗೆ

ಮೊಳಕಾಲ್ಮೂರಿನಲ್ಲಿ ನಮ್ಮದೊಂದು ರೇಷ್ಮೆ ಸೀರೆ ಅಂಗಡಿ. ಅಂಚು, ಸೆರಗು, ಬುಟ್ಟಾಗಳ ಚಿತ್ರಗಳೆಲ್ಲ ಒಳಕೋಣೆಯ ಒಂದು ಕರಿ ಹಾರ್ಡ್‌ಡಿಸ್ಕ್ ಪೆಟ್ಟಿಗೆಯಲ್ಲಿರುತ್ತವೆ. ಅಂಗಡಿಯ ಕಂಪ್ಯೂಟರಿಗೂ ಮಹಡಿಯ ಕಂಪ್ಯೂಟರಿಗೂ ಅದೊಂದೇ ಉಗ್ರಾಣ. ನನಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಂಗಡಿ ಅವ್ವನ ಪಾಲಿಗೆ ಬಿತ್ತು. ಕಂಪ್ಯೂಟರ್ ಆನ್ ಆದ ಕೂಡಲೇ ಪೆಟ್ಟಿಗೆಯ ಫೋಲ್ಡರ್ ತಾನಾಗಿಯೇ ಕನೆಕ್ಟ್ ಆಗುವಂತೆ ಮಾಡಿಟ್ಟು, ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ಹತ್ತು ಗಂಟೆಗೆ ಅವ್ವನ ಫೋನು. "ಫೋಲ್ಡರ್ ಮ್ಯಾಲೆ ಕೆಂಪು ಗುರುತು ಐತೆ ಕಣವ್ವ. ಅಂಚಿನ ಚಿತ್ರ ನೋಡಾಕೆ ಆಂಧ್ರದೋರು ಬಂದು ಕುಂತವ್ರೆ. ಎಷ್ಟೊತ್ತು ಅಂತ ನೀರು ಕುಡಿಸ್ಲಿ?"

"ಎಲ್ಲ ಆಫ್ ಮಾಡಿ ಮೊದಲಿಂದ ಶುರು ಮಾಡವ್ವ" ಎಂದೆ. ಹಾಗೇ ಮಾಡಿದಳಂತೆ, ಮತ್ತೆ ಕೆಂಪು ಗುರುತೇ. ಅರ್ಧ ದಿನ ರಜೆ ಹಾಕಿ ಓಡಿದೆ. ನಾನು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಫೋಲ್ಡರ್ ಸರಿಯಾಗಿತ್ತು.

"ನಿನ್ ಮುಂದೆ ಮಾತ್ರ ಸಾಚಾ ಇರ್ತೈತೆ ನೋಡು" ಎಂದಳು ಅವ್ವ.

ಅದೇ ವಾರ ಇನ್ನೊಮ್ಮೆ ಹೀಗೇ ಓಡಿದಾಗ ಮಿಲ್ಲಿನ ಯಜಮಾನರು, "ಅಲ್ಲಾದ್ರೂ ಇರಮ್ಮ, ಇಲ್ಲಾದ್ರೂ ಇರು" ಎಂದುಬಿಟ್ಟರು. ಮೂರನೆಯ ಸಲ ಹೋದರೆ ಕೆಲಸ ಹೋದಂತೆಯೇ.

ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಭಾಯ್ ಒಬ್ಬರಿಗೆ ಕೈ ಮುಗಿದೆ. ಭಾನುವಾರ ಅವ್ವ ಅಂಗಡಿ ತೆರೆಯುವ ಹೊತ್ತಿಗೇ ಬಂದರು. ನಾನು ಸ್ವಿಚ್ಚಿಗೆ ಕೈ ಹಾಕಹೋದರೆ ತಡೆದರು. "ನೀವು ಕೂತ್ಕೊಳ್ಳಿ. ಅಮ್ಮ ದಿನಾ ಹೆಂಗ್ ಮಾಡ್ತಾರೋ ಹಂಗೇ ಮಾಡ್ಲಿ."

ಅವ್ವ ಕಸ ಗುಡಿಸಿದಳು. ಕಂಪ್ಯೂಟರ್ ಆನ್ ಮಾಡಿ, ಅದರ ಹಣೆಗೆ ವಿಭೂತಿ ಹಚ್ಚಿದಳು. ಆಮೇಲೆ ಬೀರು, ಕತ್ತರಿ, ಅಳತೆ ಕೋಲು. ಕಟ್ಟಕಡೆಗೆ ಊದುಕಡ್ಡಿ ಹಿಡಿದು ಒಳಕೋಣೆಗೆ ಹೋಗಿ, ಕರಿ ಪೆಟ್ಟಿಗೆಗೆ ನಮಸ್ಕರಿಸಿ ಅದರ ಸ್ವಿಚ್ ಹಾಕಿದಳು. ದಿನಾ ಬಾಗಿಲು ಹಾಕುವಾಗ ಅದನ್ನೂ ಆಫ್ ಮಾಡುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

ಭಾಯ್ ನಕ್ಕರು. "ಕಂಪ್ಯೂಟರ್ ಎದ್ದ ತಕ್ಷಣ ಪೆಟ್ಟಿಗೇನ ಒಂದೇ ಸಲ ಕರೀತೈತಮ್ಮ. ಪೆಟ್ಟಿಗೆ ಇನ್ನೂ ಮಲಗೈತೆ. ಓ ಅನ್ನೋರು ಯಾರು? ಮಗಳು ಬಂದು ಆನ್ ಮಾಡೋ ಹೊತ್ತಿಗೆ ಅದು ಎದ್ದಿರ್ತೈತೆ."

"ಅಂದ್ರೆ ಇಷ್ಟು ದಿನ ದೊಡ್ಡೋರ್ನ ಬಿಟ್ಟು ಸಣ್ಣೋರಿಗೆ ಮೊದ್ಲು ಪೂಜೆ ಮಾಡ್ದೆ ಅನ್ನು."

ಸ್ವಲ್ಪ ತಡೆದು ಇನ್ನೊಮ್ಮೆ ಕರೆಯುವಂತೆ ಕಂಪ್ಯೂಟರಿಗೇ ಹೇಳಿಡುತ್ತೇನೆ ಎಂದರು ಭಾಯ್. ಅವ್ವ ಒಪ್ಪಲಿಲ್ಲ. "ತಪ್ಪು ನಂದು. ಅದನ್ಯಾಕೆ ತಿದ್ತೀಯಪ್ಪ? ನಾಳೆಯಿಂದ ಪೆಟ್ಟಿಗೆಗೆ ಮೊದ್ಲು ಪೂಜೆ, ಕಂಪ್ಯೂಟರಿಗೆ ಕಡೇಗೆ."

ಸೋಮವಾರ ಹತ್ತಕ್ಕೆ ಸರಿಯಾಗಿ ಫೋನು ಬಂತು. ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಫೋನು ಎತ್ತಿದೆ.

"ಏನಿಲ್ಲವ್ವ, ಫೋಲ್ಡರ್ ಬಂತು ಅಂತ ಹೇಳಾಕೆ ಮಾಡ್ದೆ. ಆಂಧ್ರದೋರು ಹಂಸದ ಅಂಚು ಒಪ್ಕೊಂಡ್ರು."

ಮಂಗಳವಾರವೂ ಅದೇ ಫೋನು, ಬುಧವಾರವೂ. ಈಗ ಐದು ನಿಮಿಷ ತಡವಾದರೆ ಯಜಮಾನರೇ ಕೇಳುತ್ತಾರೆ: "ಎದ್ದಿತೇನಮ್ಮ, ಅವ್ವನ ಪೆಟ್ಟಿಗೆ?"