ಉಪ್ಪಿಲ್ಲದೆ ಇಕ್ಕಿದ ಸೊಸೆ

ಮದುವೆಯಾಗಿ ಚನ್ನರಾಯನದುರ್ಗದಿಂದ ಮಧುಗಿರಿಗೆ ಬಂದು ವರ್ಷ ತುಂಬುವುದರೊಳಗೆ ನನಗೆ ಕೆಟ್ಟ ಹೆಸರು ಬಂತು. ಅತ್ತೆಗೆ ಉಪ್ಪಿಲ್ಲದ ಕೂಳು ಇಕ್ಕುವ ಸೊಸೆ ಎಂದು ಬೀದಿಯೆಲ್ಲ ಆಡಿಕೊಂಡಿತು. ಅದೇನು ಸುಳ್ಳಲ್ಲ, ಇಕ್ಕುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳವು. ರಕ್ತದೊತ್ತಡ ಎಂಬ ಮಾತನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಅತ್ತೆಗೆ ಬೆಳಿಗ್ಗೆ ಎದ್ದರೆ ತಲೆನೋವು, ಬಗ್ಗಿ ಎದ್ದರೆ ತಲೆಸುತ್ತು, ಆಗಾಗ ಮೂಗಿನಲ್ಲಿ ರಕ್ತ. ಎಲ್ಲಕ್ಕೂ ಒಂದೇ ಹೆಸರು, ಉಷ್ಣ. ಬೆಟ್ಟದ ಬಂಡೆ ಕಾದು ಝಳ ಹೊಡೆಯುವ ಊರಲ್ಲಿ ಉಷ್ಣವಾಗದೆ ಇನ್ನೇನಾದೀತು ಎಂದು ನಾವೂ ಸುಮ್ಮನಿದ್ದೆವು. ಒಂದು ದಿನ ಒರಳುಕಲ್ಲಿನ ಹತ್ತಿರ ಕಣ್ಣು ಕತ್ತಲೆ ಬಂದು ಅವರು ಕುಸಿದು ಕೂತಾಗ ಓಡಿಹೋಗಿ ಹಿಡಿದುಕೊಂಡೆ. ಅವರ ಅಕ್ಕ ಹಿಂದಿನ ವರ್ಷ ಹೀಗೇ ಕುಸಿದು, ಬಾಯಿ ಸೊಟ್ಟಗಾಗಿ, ಮತ್ತೆ ಏಳಲೇ ಇಲ್ಲ.

ಮರುದಿನವೇ ಅವರನ್ನು ಊರಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಅತ್ತೆಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿ, ಪಾದರಸ ಏರಿದ್ದನ್ನು ನೋಡಿ, ಅಕ್ಕನ ಸಾವಿನ ವಿಷಯ ಕೇಳಿ ತಿಳಿದುಕೊಂಡರು. ರಕ್ತದ ಒತ್ತಡ ಜಾಸ್ತಿಯಿದೆ, ಮನೆತನದಲ್ಲೇ ಇರುವಂತಿದೆ, ಉಪ್ಪು ಬಿಡಬೇಕು, ತಲೆನೋವು ಇರಲಿ ಬಿಡಲಿ ದಿನಾ ಮಾತ್ರೆ ನುಂಗಬೇಕು ಎಂದರು.

"ಮುದ್ದೆಗಂತೂ ಉಪ್ಪು ಹಾಕಲ್ಲ, ಸಾರಿಗೂ ಬ್ಯಾಡ ಅಂದ್ರೆ ಹೆಂಗೆ ಸ್ವಾಮಿ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ," ಎಂದರು ಅತ್ತೆ.

"ಪ್ರಾಣ ಇದ್ರೆ ತಾನೇ ಅಮ್ಮ ರುಚಿ," ಎಂದರು ಡಾಕ್ಟರು.

ಅವತ್ತಿನಿಂದ ಅತ್ತೆಯ ಪಾಲಿನ ಸಾರನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಡತೊಡಗಿದೆ. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಅತ್ತೆ ಮುಖ ಸಿಂಡರಿಸಿ ಉಂಡು, ಬಾವಿಕಟ್ಟೆಯಲ್ಲಿ ದೂರು ಹೇಳಿದರು. ಸುದ್ದಿ ತವರಿಗೂ ಹೋಗಿ, ನನ್ನವ್ವ ಬಸ್ಸು ಹತ್ತಿ ಬಂದೇ ಬಂದಳು. "ನಾಯಿಗೂ ಇಂಗೆ ಇಕ್ಕಲ್ಲ ಕಣೇ. ನಮ್ಮ ಮಾನ ಕಳೆದ್ಬುಟ್ಟಲ್ಲೇ," ಎಂದು ನಡುಮನೆಯಲ್ಲೇ ಬೈದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅತ್ತೆ ಬದುಕಲಿ ಎಂದು ಮಾಡಿದ್ದಕ್ಕೆ ಇದು ಉಡುಗೊರೆ!

ಇಷ್ಟೆಲ್ಲ ಅನ್ನಿಸಿಕೊಂಡು ಮತ್ತೆ ತೋರಿಸಿದರೆ ಪಾದರಸ ಹೆಚ್ಚುಕಡಿಮೆ ಹಳೆಯ ಜಾಗದಲ್ಲೇ ನಿಂತಿತು. ಡಾಕ್ಟರು ನನ್ನತ್ತ ತಿರುಗಿ, "ಉಪ್ಪು ನಿಲ್ಸಿದ್ದೀಯೇನಮ್ಮ?" ಎಂದರು. ಹೊರಗೆ ಉಪ್ಪು ಇಕ್ಕಲ್ಲವೆಂಬ ಮಾತು, ಇಲ್ಲಿ ಉಪ್ಪು ಇಕ್ಕುತ್ತೀಯೇನೋ ಎಂಬ ಅನುಮಾನ. ಉರಿದುಹೋದೆ. "ಊರೆಲ್ಲ ಉಗೀತಾ ಇದೆ, ಕೇಳಿ ನೋಡಿ," ಎಂದುಬಿಟ್ಟೆ.

ಡಾಕ್ಟರು ನಕ್ಕು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಾಯಿಗೆ ಏನೇನು ಹೋಗುತ್ತದೆ ಎಂದು ಅತ್ತೆಯನ್ನೇ ಕೇಳಿದರು. ಮುದ್ದೆ, ಸೊಪ್ಪು, ಕಾಳು ಎಂದು ಅತ್ತೆ ಎಲ್ಲ ಹೇಳಿದರು.

"ಮಧ್ಯೆ ಏನೂ ಕುಡಿಯಲ್ವೇ?"

"ಉಷ್ಣಕ್ಕೆ ನೀರುಮಜ್ಜಿಗೆ ಒಂದು ಕುಡೀತೀನಿ."

"ಉಪ್ಪು?"

"ಉಪ್ಪು ಹಾಕ್ದೆ ಮಜ್ಜಿಗೆ ಹೆಂಗೆ ಕುಡಿಯೋದು ಸ್ವಾಮಿ? ಚಮಚ ತುಂಬ ಕಲ್ಲುಪ್ಪು ಹಾಕಿ ಚೊಂಬಿಗೆ ಕಲಸ್ಕೊತೀನಿ. ಅದು ಊಟ ಅಲ್ವಲ್ಲ, ಔಷ್ದಿ."

ಹಿತ್ತಲಲ್ಲಿ ಕೂತು ದಿನಾ ಕುಡಿಯುತ್ತಿದ್ದುದನ್ನು ನಾನೂ ನೋಡಿದ್ದೆ. ಮದ್ದೆಂದೇ ನೋಡಿದ್ದೆ. ತಲೆನೋವು ಹೆಚ್ಚಾದ ದಿನ ಎರಡು ಚೊಂಬು. ಒತ್ತಡ ಏರಿದಷ್ಟೂ ಉಪ್ಪು, ಉಪ್ಪು ಹೋದಷ್ಟೂ ಒತ್ತಡ. ಡಾಕ್ಟರು ಇದನ್ನು ಬಿಡಿಸಿ ಹೇಳಿದಾಗ ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. "ನಮ್ಮಕ್ಕನಿಗೂ ನಾನೇ ಕಲಸಿ ಕೊಡ್ತಿದ್ದೆ," ಎಂದರು. ಅದು ಅವರ ತಪ್ಪಲ್ಲ, ಅಕ್ಕನಿಗೆ ಏನಾಗಿದೆಯೆಂದು ಯಾರೂ ವೈದ್ಯರಿಗೆ ತೋರಿಸಿರಲೇ ಇಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಬೈಯಲು ಮನಸ್ಸಾಗಲಿಲ್ಲ, ಅವರ ಕೈ ಹಿಡಿದುಕೊಂಡೇ ಮನೆಗೆ ನಡೆದೆ.

ಮಜ್ಜಿಗೆ ಸಪ್ಪೆಯಾಯಿತು. ಮಾತ್ರೆ ತಪ್ಪಲಿಲ್ಲ. ಕ್ರಮೇಣ ಪಾದರಸ ಇಳಿಯಿತು, ಮೂಗಿನ ರಕ್ತ ನಿಂತಿತು. ಬೀದಿಯ ಬಾಯಿ ಮಾತ್ರ ನಿಲ್ಲಲಿಲ್ಲ.

ಆಮೇಲೊಂದು ಮದುವೆಯೂಟ. ಅದೇ ಬಾವಿಕಟ್ಟೆಯ ಹೆಂಗಸರ ಸಾಲಿನಲ್ಲಿ ಕೂತಿದ್ದೆವು. ಎಲೆಯ ತುದಿಗೆ ಉಪ್ಪು ಬಡಿಸುವವನು ಬಂದಾಗ ಅತ್ತೆ ಅಂಗೈ ಅಡ್ಡ ಹಿಡಿದರು. ಪಕ್ಕದವಳು ನನ್ನ ಕಡೆ ಕಣ್ಣು ಹಾಯಿಸಿ, "ಇಲ್ಲೂ ಹೆದರ್ಕೊತೀಯೇನಕ್ಕ?" ಎಂದಳು.

"ಊಂ ಕಣಮ್ಮ," ಎಂದರು ಅತ್ತೆ, ಸಾಲಿಗೆಲ್ಲ ಕೇಳುವಂತೆ. "ನಮ್ಮಕ್ಕನಿಗೆ ಇಂಥ ಸೊಸೆ ಇದ್ದಿದ್ರೆ, ಇವತ್ತು ನನ್ನ ಪಕ್ಕದಲ್ಲಿ ಅವಳು ಕೂತಿರೋಳು."