ತಿಜೋರಿಯೊಳಗಿನ ಇನ್‌ಹೇಲರ್

2023ರಲ್ಲಿ ಗೋಕಾಕ ತಾಲೂಕಿನ ಅಂಕಲಗಿ ಬಳಿಯ ಹಳ್ಳಿಯೊಂದರಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಎಲ್ಲಿ ತಪ್ಪು ಹೇಳಿಬಿಡುವೆನೋ ಎಂಬ ಅಳುಕು ಸದಾ ಇತ್ತು.

ಒಂದು ಭಾನುವಾರ ಅದೇ ಊರಿನ ಗಂಗವ್ವಜ್ಜಿಯ ಫೋನ್ ಬಂತು. "ಸಿಸ್ಟರ, ಮೊಮ್ಮಗಳಿಗಿ ದಮ್ಮು ಹತ್ತೇತ್ರಿ. ಹಿತ್ತಲ ಬಾಗಿಲಿಂದ ಬರ್ರಿ, ಮುಂದಿಂದ ಬ್ಯಾಡ."

ಅಡುಗೆಮನೆಯಲ್ಲಿ ಐದು ವರ್ಷದ ಅಕ್ಷತಾ ಗೋಡೆಗಾತು ಕುಳಿತಿದ್ದಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಸೇರುತ್ತಿತ್ತು, ತುಟಿ ನೀಲಿಗಟ್ಟಿತ್ತು. ಕೂಡಲೇ ಆಂಬ್ಯುಲೆನ್ಸ್‌ಗೆ ಕರೆ ಮಾಡಿದೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಇನ್‌ಹೇಲರ್ ಮುಗಿದಿತ್ತು.

"ಕೂಸಿನ ದಮ್ಮಿನ ಪಂಪ್ ಎಲ್ಲೈತಿ?" ಎಂದೆ.

"ತಿಜೋರ್ಯಾಗ. ಅದು ಪಡಸಾಲ್ಯಾಗೈತಿ. ಅಲ್ಲಿ ಬೀಗರು ಕುಂತಾರ."

ಮಗುವಿನ ಸೋದರತ್ತೆ ಶೋಭಾಳನ್ನು ನೋಡಲು ಬೆಲ್ಲದ ಬಾಗೇವಾಡಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅಜ್ಜಿಗೂ ಅಸ್ತಮಾ, ಅವರ ಮಗನಿಗೆ, ಅಂದರೆ ಅಕ್ಷತಾಳ ಅಪ್ಪನಿಗೆ, ಚರ್ಮದ ಅಲರ್ಜಿ. ರೋಗ ವಂಶದಲ್ಲಿದೆಯೆಂದು ತಿಳಿದರೆ ಸಂಬಂಧ ಮುರಿದೀತೆಂದು ಅಜ್ಜಿ ಬೆಳಿಗ್ಗೆಯೇ ಔಷಧವನ್ನು ಸೀರೆಗಳಡಿ ಇಟ್ಟು ಕೀಲಿ ಹಾಕಿದ್ದರು.

"ಚಾ ಒಂದ ಉಳದೈತಿ, ಕುಡದ ಹೋಗಿಬಿಡ್ತಾರ. ತಡೀರಿ."

"ಚಾ ಮುಗಿಯೂತನಕ ಕೂಸು ತಾಳೂದಿಲ್ಲ, ಅಜ್ಜಿ!"

ಚಹಾ ಒಯ್ಯಲು ಬಂದ ಶೋಭಾ ಇದನ್ನು ಕೇಳಿದಳು. ಅಜ್ಜಿಯ ಸೊಂಟದಿಂದ ಕೀಲಿ ಸೆಳೆದುಕೊಂಡು ಪಡಸಾಲೆಗೆ ನಡೆದಳು. ಎಲ್ಲರೆದುರು ತಿಜೋರಿಯ ಬಾಗಿಲು ಕಿರುಗುಟ್ಟಿತು.

"ಏನವಾ ಅದು?" ಗಂಡಿನ ತಾಯಿಯ ಧ್ವನಿ.

"ದಮ್ಮಿನ ಔಷಧರಿ. ಒಳಗ ಅಣ್ಣನ ಮಗಳಿಗಿ ಹತ್ತೇತಿ. ನಮ್ಮ ಮನಿತನದಾಗ ಐತ್ರಿ."

ಅವಳು ತಂದ ಪಂಪಿನಿಂದ ಮಗುವಿಗೆ ಔಷಧ ಕೊಟ್ಟೆ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಮಗುವಿನ ತುಟಿಗೆ ಬಣ್ಣ ಮರಳಿತ್ತು. ಬೀಗರು "ತಿಳಸ್ತೀವಿ" ಎಂದಷ್ಟೇ ಹೇಳಿ ಎದ್ದುಹೋದರು.

ಕೆಲವು ದಿನಗಳ ನಂತರ ಗಂಡಿನ ತಾಯಿ ನಮ್ಮ ಕೇಂದ್ರಕ್ಕೇ ಬಂದರು. "ಖರೆ ಹೇಳ್ರಿ, ನಾಳೆ ನನ್ನ ಮೊಮ್ಮಕ್ಕಳಿಗೂ ಬರತೈತೇನ್ರಿ?"

ಇಲ್ಲವೆಂದರೆ ಸುಳ್ಳು, ಹೌದೆಂದರೂ ಸುಳ್ಳು. ಅಸ್ತಮಾ, ಚರ್ಮದ ಅಲರ್ಜಿಗಳಿಗೆ ಸಾಮಾನ್ಯವಾಗಿ ಒಂದೇ ಜೀನ್ ಕಾರಣವಲ್ಲ, ಹಲವು ಜೀನ್‌ಗಳ ಸಣ್ಣ ವ್ಯತ್ಯಾಸಗಳು ಸೇರುತ್ತವೆ, ಧೂಳು ಹೊಗೆಗಳೂ ಕೂಡುತ್ತವೆ ಎಂದು ವಿವರಿಸಿದೆ. ಉಳಿದವರಿಗಿಂತ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಖಚಿತವಲ್ಲ. ಬಂದರೂ ಔಷಧದಿಂದ ಹತೋಟಿಯಲ್ಲಿಡಬಹುದು.

ಅವರು ಸೆರಗು ಸರಿಮಾಡಿಕೊಂಡು ಎದ್ದರು. "ಅಷ್ಟು ಮಂದಿ ಮುಂದ ಕೀಲಿ ತಗದ್ಲಲ್ಲಾ ಆ ಹುಡುಗಿ! ನನಗಾಗಿದ್ರ ಧೈರ್ಯ ಆಗ್ತಿದ್ದಿಲ್ಲ."

ಮದುವೆಯಾಯಿತು. ಈಗ ಶೋಭಾ ಬಸುರಿ. ತಪ್ಪು ಹೇಳಿಯೇನೆಂಬ ನನ್ನ ಭಯ ಇನ್ನೂ ಮುಗಿದಿಲ್ಲ. ಆದರೆ ವೃತ್ತಿ ಒಂದನ್ನು ಕಲಿಸಿದೆ. ಅಸ್ತಮಾ ಇರುವ ಮನೆಗೆ ಹೋದರೆ, ಅದು ಯಾರಿಂದ ಬಂತೆಂದು ವಿಚಾರಿಸುವ ಮೊದಲು ಪಂಪ್ ಎಲ್ಲಿದೆಯೆಂದು ಕೇಳುತ್ತೇನೆ. ಕಣ್ಣಾರೆ ಕಾಣುವತನಕ ಕೂರುವುದಿಲ್ಲ.